ಆತಕೂರಿನ ನಾಯಿಯ ಕಲ್ಲು ಮತ್ತು ಎಂ.ಎ. ಪ್ರಬಂಧ: ಊರಿನ ಇತಿಹಾಸವನ್ನು ಓದುವ ಬಗೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಗುಡಿಯ ಮುಂದೆ ನಿಂತಿದ್ದ ಕಲ್ಲೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲಿನ ಮೇಲೆ ಒಂದು ನಾಯಿ, ಒಂದು ಹಂದಿ ಎದುರುಬದುರಾಗಿ ಮುಗಿಬಿದ್ದಿವೆ. ಸುತ್ತ ಹಳಗನ್ನಡದ ಸಾಲುಗಳು. ನಾಯಿಯ ಹೆಸರು ಕಾಳಿ. ಗಂಗರ ಬೂತುಗನು ತನ್ನ ಬಂಟ ಮಣಲೆರನ ಶೌರ್ಯಕ್ಕೆ ಮೆಚ್ಚಿ ‘ಬೇಕಾದ್ದನ್ನು ಬೇಡಿಕೋ’ ಎಂದಾಗ ಮಣಲೆರ ಬೇಡಿದ್ದು ಈ ನಾಯಿಯನ್ನು. ಮುಂದೊಂದು ದಿನ ಕೇಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಅಂದರೆ ಕಲ್ಲುದಿಬ್ಬದಲ್ಲಿ, ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟರು. ‘ಪಂದಿಯುಂ ನಾಯುಮೊಡಸತ್ತುವು’ ಎನ್ನುತ್ತದೆ ಶಾಸನ. ಎರಡೂ ಒಟ್ಟಿಗೆ ಸತ್ತವು. ಆ ನಾಯಿಗಾಗಿ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಬೀಜ ಬಿತ್ತುವಷ್ಟು ಮಣ್ಣು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಊಟ ಮಾಡಿದರೆ ಗುಡಿ ನೋಡಿಕೊಳ್ಳುವ ಸ್ಥಾನಿಕನಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಮಾತನ್ನೂ ಕೆತ್ತಿಸಿದರು.

ಇದೇ ಕಲ್ಲಿನ ಮೇಲೆ ತಕ್ಕೋಲದ ಯುದ್ಧವೂ ಇದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಕಾದಿದ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದು. ದಕ್ಷಿಣ ಭಾರತದ ಇತಿಹಾಸದ ಯಾವ ಪಠ್ಯಪುಸ್ತಕವೂ ಬಿಡದ ಘಟನೆ. ಅಂಥ ಯುದ್ಧಕ್ಕೆ ಸಾಕ್ಷಿಯಾದ ಕಲ್ಲಿನಲ್ಲಿಯೇ ಒಂದು ನಾಯಿಯ ಸಾವು, ಒಂದು ಕೆರೆ, ಎರಡು ಕಂಡುಗ ಗದ್ದೆ, ಒಬ್ಬ ಪೂಜಾರಿಯ ಊಟ ಇವೆಲ್ಲ ಕುಳಿತಿವೆ. ಪಠ್ಯಪುಸ್ತಕ ಈ ಕಲ್ಲಿನಿಂದ ಯುದ್ಧವನ್ನಷ್ಟೇ ಎತ್ತಿಕೊಳ್ಳುತ್ತದೆ. ಊರಿನ ಹೆಮ್ಮೆಯ ಕರಪತ್ರ ನಾಯಿಯನ್ನಷ್ಟೇ ಎತ್ತಿಕೊಳ್ಳುತ್ತದೆ. ಎಂ.ಎ. ತರಗತಿಯಲ್ಲಿ ಸ್ಥಳೀಯ ಇತಿಹಾಸವನ್ನು ಆರಿಸಿಕೊಂಡ ವಿದ್ಯಾರ್ಥಿಯ ಕೆಲಸ ಇವೆರಡೂ ಒಂದೇ ಕಲ್ಲಿನ ಮೇಲೆ ಏಕೆ ಬಂದವು ಎಂದು ಕೇಳುವಲ್ಲಿ ಶುರುವಾಗುತ್ತದೆ. ಪದವಿಯ ಓದಿಗೂ ಸ್ನಾತಕೋತ್ತರ ಓದಿಗೂ ಇರುವ ವ್ಯತ್ಯಾಸವನ್ನು ನನಗೆ ಯಾರಾದರೂ ಕೇಳಿದರೆ ನಾನು ಈ ಕಲ್ಲನ್ನೇ ತೋರಿಸುತ್ತೇನೆ.

ಊರು ಎಷ್ಟು, ನಾಡು ಎಷ್ಟು

ಸ್ಥಳೀಯ ಇತಿಹಾಸ, ಪ್ರಾದೇಶಿಕ ಇತಿಹಾಸ ಎಂಬ ಎರಡು ಮಾತುಗಳನ್ನು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಚಿಕ್ಕದು ಸ್ಥಳೀಯ, ತುಸು ದೊಡ್ಡದು ಪ್ರಾದೇಶಿಕ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಳತೆಯ ವ್ಯತ್ಯಾಸ ಇದೆ, ನಿಜ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸ ಇದೆ, ಅದನ್ನೂ ಆತಕೂರಿನ ಕಲ್ಲೇ ಹೇಳಿಕೊಡುತ್ತದೆ.

ಯುದ್ಧ ಗೆದ್ದ ಸಂತೋಷಕ್ಕೆ ಕೃಷ್ಣನು ಬೂತುಗನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇಷ್ಟನ್ನು ಕೊಟ್ಟನು. ಬೂತುಗನು ತನ್ನ ಕೈಕೆಳಗಿನ ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಳ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ವೀರನ ಉಂಬಳಿಯಾಗಿ ಕೊಟ್ಟನು. ಸಾಮ್ರಾಟ, ಸಾಮಂತ, ಬಂಟ. ಸಾಮ್ರಾಜ್ಯ, ನಾಡು, ಹನ್ನೆರಡರ ಊರ ಗುಂಪು. ಒಂದೇ ಕಲ್ಲಿನಲ್ಲಿ ಮೂರು ಅಳತೆಗಳು ಒಂದರೊಳಗೊಂದು ಕೂತಿವೆ. ಈ ಸಂಖ್ಯೆಗಳು ಊರುಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.

ಊರಿಗೆ ನೆಲದ ಮೇಲೆ ಎಲ್ಲೆಕಲ್ಲು ಇರುತ್ತದೆ. ಊರ ಕೆರೆ, ಗುಂಡುತೋಪು, ಸ್ಮಶಾನ, ಮಾರಿಗುಡಿ ಎಲ್ಲವೂ ಕಣ್ಣಳತೆಯಲ್ಲಿ ಇರುತ್ತವೆ. ನಾಡು ಹಾಗಲ್ಲ. ಅದನ್ನು ಯಾರೋ ಒಬ್ಬರು ಕಟ್ಟಿರುತ್ತಾರೆ: ಅರಸು, ಕಂದಾಯ ಇಲಾಖೆ, ಒಂದು ನದಿಯ ಜಲಾನಯನ, ಒಂದು ಮಾತಿನ ಧಾಟಿ, ಒಂದು ಜಾತ್ರೆಯ ಹರಹು. ಆದ್ದರಿಂದ ಪ್ರಾದೇಶಿಕ ಇತಿಹಾಸ ಬರೆಯುವವರು ‘ಈ ಪ್ರದೇಶ’ ಎಂದು ಹೇಳುವ ಮೊದಲು ಅದನ್ನು ಪ್ರದೇಶವೆಂದು ಮಾಡಿದ್ದು ಏನು, ಯಾವಾಗ ಎಂದು ಉತ್ತರಿಸಬೇಕಾಗುತ್ತದೆ. ತುಳುನಾಡಿನ ಇತಿಹಾಸ ಬರೆಯಹೊರಟವರಿಗೆ ಆಳುಪರ ಆಳ್ವಿಕೆಯ ವ್ಯಾಪ್ತಿ ಒಂದು ಗೆರೆ ಹಾಕಿಕೊಡುತ್ತದೆ, ವಿಜಯನಗರದ ಕಾಲದ ಬಾರಕೂರು ಮತ್ತು ಮಂಗಳೂರು ರಾಜ್ಯಗಳು ಬೇರೆ ಗೆರೆ ಹಾಕುತ್ತವೆ, ತುಳು ಮಾತು ಮೂರನೆಯದನ್ನು, ಬ್ರಿಟಿಷರ ದಕ್ಷಿಣ ಕನ್ನಡ ಜಿಲ್ಲೆ ನಾಲ್ಕನೆಯದನ್ನು. ಈ ನಾಲ್ಕೂ ಗೆರೆಗಳು ಒಂದರ ಮೇಲೊಂದು ಕೂರುವುದಿಲ್ಲ. ಕೂರದ ಜಾಗದಲ್ಲಿಯೇ ಒಳ್ಳೆಯ ಪ್ರಬಂಧಗಳು ಹುಟ್ಟುತ್ತವೆ.

ಇಂಥ ಅಧ್ಯಯನ ವಿಶ್ವವಿದ್ಯಾಲಯದ ಶಿಸ್ತಾಗಿ ಗಟ್ಟಿಯಾದದ್ದು ಇಪ್ಪತ್ತನೆಯ ಶತಮಾನದ ನಡುವೆ. ಇಂಗ್ಲೆಂಡಿನ ಲೆಸ್ಟರಿನಲ್ಲಿ 1948ರಲ್ಲಿ ಡಬ್ಲ್ಯು.ಜಿ. ಹಾಸ್ಕಿನ್ಸ್ ಅವರ ನೇತೃತ್ವದಲ್ಲಿ ಸ್ಥಳೀಯ ಇತಿಹಾಸಕ್ಕೇ ಮೀಸಲಾದ ವಿಭಾಗ ಹುಟ್ಟಿತು. ಹೊಲದ ಬದುವನ್ನೂ ಬೇಲಿಯ ಸಾಲನ್ನೂ ದಾಖಲೆಯೆಂದೇ ಓದಬೇಕು ಎಂಬುದು ಅವರ ಪಟ್ಟು. ಇಟಲಿಯಲ್ಲಿ ಕಾರ್ಲೊ ಗಿಂಜ್‌ಬರ್ಗ್ 1976ರಲ್ಲಿ ಹದಿನಾರನೆಯ ಶತಮಾನದ ಒಬ್ಬ ಗಿರಣಿಗಾರನ ವಿಚಾರಣೆಯ ಕಡತವನ್ನು ಹಿಡಿದು ಒಂದು ಇಡೀ ಕಾಲದ ನಂಬಿಕೆಗಳನ್ನು ಬಗೆದು ತೋರಿಸಿದರು. ನಮ್ಮಲ್ಲಿ ಇದಕ್ಕಿಂತ ಎಷ್ಟೋ ಮೊದಲೇ ಶಾಸನಗಳನ್ನು ತಾಲ್ಲೂಕುವಾರು ಓದಿ ಪ್ರಕಟಿಸುವ ಕೆಲಸ ನಡೆದಿತ್ತು. ಆ ಭಂಡಾರ ಕೈಯಲ್ಲಿದ್ದೂ ನಾವು ಬಹುಕಾಲ ಅದರಿಂದ ರಾಜವಂಶಾವಳಿಗಳನ್ನೇ ಕಟ್ಟಿಕೊಂಡು ಕುಳಿತೆವು ಎಂಬ ಕೊರಗು ನನಗಿದೆ.

ದೀಪವಿಲ್ಲದ ಹಳ್ಳಿ

‘ನಮ್ಮೂರಿನ ಇತಿಹಾಸ’ ಎಂಬ ಶೀರ್ಷಿಕೆ ಹಿಡಿದು ಬರುವ ವಿದ್ಯಾರ್ಥಿಗೆ ಮಾರ್ಗದರ್ಶಕರು ಮೊದಲು ಹೇಳುವುದು ಒಂದೇ ಮಾತು: ಇದು ವಿಷಯ, ಪ್ರಶ್ನೆಯಲ್ಲ. ಕಿರುಪ್ರಬಂಧಕ್ಕೆ ಪ್ರಶ್ನೆ ಬೇಕು. ಪ್ರಶ್ನೆ ಹುಟ್ಟುವುದು ಹೇಗೆಂದು ಒಂದು ಉದಾಹರಣೆಯ ಮೂಲಕ ಹೇಳುತ್ತೇನೆ.

ಕಂದಾಯ ದಾಖಲೆಗಳಲ್ಲಿ ‘ಬೇಚಿರಾಕ್ ಗ್ರಾಮ’ ಎಂಬ ಮಾತು ಬರುತ್ತದೆ. ಪಾರಸಿಯಿಂದ ಬಂದದ್ದು; ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ನಕ್ಷೆಯಲ್ಲಿ ಊರಿದೆ, ಸರ್ವೆ ನಂಬರುಗಳಿವೆ, ಹೊಲಗಳಿಗೆ ಪಹಣಿ ಇದೆ, ಮನೆ ಮಾತ್ರ ಒಂದೂ ಇಲ್ಲ. ಹಳೆಯ ಮೈಸೂರು ಸೀಮೆಯ ಹೋಬಳಿಗಳಲ್ಲಿ ಇಂಥ ಊರುಗಳು ಸಿಗುತ್ತವೆ. ಪಕ್ಕದ ಊರಿನವರನ್ನು ಕೇಳಿದರೆ ‘ಹಿಂದೆ ಮಾರಿ ಬಡಿದು ಊರು ಹಾಳಾಯಿತು’ ಎನ್ನುತ್ತಾರೆ. ಕೆಲವರು ‘ಇರುವೆ ಕಾಟಕ್ಕೆ ಬಿಟ್ಟರು’ ಎನ್ನುತ್ತಾರೆ.

ಇಲ್ಲಿ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ: ಈ ಊರು ಯಾವಾಗ ಖಾಲಿಯಾಯಿತು, ಏಕೆ, ಇದ್ದವರು ಎಲ್ಲಿಗೆ ಹೋದರು? ಮೊದಲು ಎರಡು ದೊಡ್ಡ ಘಟನೆಗಳು ಕಣ್ಣಿಗೆ ಬೀಳುತ್ತವೆ. 1876–78ರ ಬರಗಾಲಕ್ಕೆ ಮುನ್ನ, 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು. 1898ರಲ್ಲಿ ಪ್ಲೇಗು ಬಂತು. ಹಾಗಾದರೆ ಊರು ಹಾಳಾದದ್ದು ಬರಕ್ಕೋ ಪ್ಲೇಗಿಗೋ? ಅವಸರದ ವಿದ್ಯಾರ್ಥಿ ಇಲ್ಲಿಯೇ ಉತ್ತರ ಬರೆದುಬಿಡುತ್ತಾನೆ. ತಾಳ್ಮೆಯವನು ಹಿಂದಕ್ಕೆ ಹೋಗಿ ನೋಡಿದಾಗ, 1871ರ ಗಣತಿಯ ಹೊತ್ತಿಗೇ ಊರು ಖಾಲಿಯಿದ್ದರೆ ಎರಡೂ ಉತ್ತರಗಳು ಬಿದ್ದುಹೋಗುತ್ತವೆ. ಆಗ ಹೈದರ್–ಟಿಪ್ಪು ಕಾಲದ ದಂಡುಗಳ ಓಡಾಟಕ್ಕೆ, ಅದಕ್ಕೂ ಹಿಂದಿನ ಕೆರೆ ಒಡೆದ ಕಥೆಗೆ ಹೋಗಬೇಕಾಗುತ್ತದೆ.

ಸಾಕ್ಷ್ಯ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದನ್ನು ನೋಡಿ. ಗ್ರಾಮನಕ್ಷೆಯಲ್ಲಿ ಒಂದು ಸರ್ವೆ ನಂಬರಿನ ಹೊಲಕ್ಕೆ ‘ಹಳೇಊರು ತಿಟ್ಟು’ ಎಂಬ ಹೆಸರಿರಬಹುದು. ಅಲ್ಲಿ ಉತ್ತಾಗ ಬೋಕಿ ಚೂರು ಮೇಲೆ ಬರುತ್ತದೆ. ಒಂಟಿ ಮಾರಿಗುಡಿಗೆ ವರ್ಷಕ್ಕೊಮ್ಮೆ ಬೇರೆ ಬೇರೆ ಊರುಗಳಿಂದ ಐದಾರು ಮನೆತನಗಳು ಬಂದು ಮಡೆ ಇಡುತ್ತವೆ. ಮೊದಲ ತಂಬಿಟ್ಟಿನಾರತಿ ಯಾವ ಮನೆತನದ್ದು, ಎರಡನೆಯದು ಯಾರದ್ದು ಎಂಬ ಸರದಿ ಇನ್ನೂ ತಪ್ಪಿಲ್ಲ. ಆ ಸರದಿಯೇ ಹಾಳೂರಿನ ಮನೆಗಳ ಪಟ್ಟಿ. ಕಾಗದದಲ್ಲಿ ಕಳೆದುಹೋದದ್ದನ್ನು ಹಬ್ಬ ಉಳಿಸಿಕೊಂಡಿರುತ್ತದೆ. ಇದನ್ನು ಪತ್ತೆಮಾಡಲು ವಿದ್ಯಾರ್ಥಿ ಗ್ರಂಥಾಲಯದಲ್ಲಿ ಎಷ್ಟು ಹೊತ್ತು ಕೂರುತ್ತಾನೋ ಅಷ್ಟೇ ಹೊತ್ತು ಆ ಗುಡಿಯ ಜಗುಲಿಯ ಮೇಲೆ ಕೂರಬೇಕು.

ಕಲ್ಲನ್ನು ಓದುವುದು

ಹಳೆಯ ಮೈಸೂರಿನ ಯಾವ ಊರನ್ನು ಹಿಡಿದರೂ ಮೊದಲು ಬಿಚ್ಚಬೇಕಾದದ್ದು ಎಪಿಗ್ರಾಫಿಯಾ ಕರ್ನಾಟಿಕಾ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿ ಮುಂದಿನ ಎರಡು ದಶಕಗಳಲ್ಲಿ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಪ್ರಕಟಿಸಿದರು. ತಾಲ್ಲೂಕಿಗೊಂದು ಸಾಲು, ಶಾಸನಕ್ಕೊಂದು ಸಂಖ್ಯೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಇದರ ಪರಿಷ್ಕೃತ ಸಂಪುಟಗಳನ್ನು ತರತೊಡಗಿತು. ಹೊಸದರಲ್ಲಿ ಸಂಖ್ಯೆಗಳು ಬದಲಾಗಿವೆ. ಹಳೆಯ ಸಂಪುಟದ ಸಂಖ್ಯೆಯನ್ನು ಬರೆದು ಹೊಸ ಸಂಪುಟದ ಪುಟವನ್ನು ನಮೂದಿಸಿದ ಪ್ರಬಂಧಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥ ಅಡಿಟಿಪ್ಪಣಿಯನ್ನು ಹಿಡಿದು ಹೋದ ಓದುಗನಿಗೆ ಬೇರೆ ಯಾವುದೋ ಊರಿನ ಕಲ್ಲು ಎದುರಾಗುತ್ತದೆ.

ಮುದ್ರಿತ ಪಾಠವನ್ನು ನಂಬಿ ಕುಳಿತರೆ ಸಾಲದು, ಕಲ್ಲಿದ್ದಲ್ಲಿಗೆ ಹೋಗಬೇಕು. ಪಡಿಯಚ್ಚು ತೆಗೆಯುವುದನ್ನು ಒಮ್ಮೆಯಾದರೂ ಕೈಯಾರೆ ಮಾಡಿದವರಿಗೆ ಅಕ್ಷರದ ಮೇಲೆ ಬರುವ ಹಿಡಿತವೇ ಬೇರೆ. ಮೊದಲು ಕಲ್ಲಿನ ಮೇಲಿನ ಪಾಚಿ, ಎಣ್ಣೆ, ಕುಂಕುಮವನ್ನು ನೀರು ಹಾಕಿ ಕುಂಚದಿಂದ ತೊಳೆಯಬೇಕು. ಊರಿನವರ ಒಪ್ಪಿಗೆ ಪಡೆದೇ. ಒದ್ದೆ ಮಾಡಿದ ಕಾಗದವನ್ನು ಕಲ್ಲಿಗೆ ಅಂಟಿಸಿ ಗಟ್ಟಿ ಕೂದಲಿನ ಕುಂಚದಿಂದ ಮೆಲ್ಲನೆ ಬಡಿಯುತ್ತ ಹೋದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಅದು ಅರೆ ಒಣಗಿದಾಗ ಮಸಿಯ ಗಾದಿಯಿಂದ ತಟ್ಟಬೇಕು. ಮೇಲೆ ಉಳಿದ ಭಾಗವೆಲ್ಲ ಕಪ್ಪಾಗಿ, ತಗ್ಗಿನ ಅಕ್ಷರ ಬೆಳ್ಳಗೆ ಮೂಡುತ್ತದೆ. ಬಿಸಿಲು ಹೆಚ್ಚಾದರೆ ಕಾಗದ ಬೇಗ ಒಣಗಿ ಎದ್ದುಬರುತ್ತದೆ, ಗಾಳಿ ಬೀಸಿದರೆ ಹರಿಯುತ್ತದೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಮೂರು ಆಯಾಮದ ಡಿಜಿಟಲ್ ಸ್ಕ್ಯಾನ್ ಮಾಡಿ ಸವೆದ ಅಕ್ಷರಗಳನ್ನೂ ಓದುತ್ತಿದ್ದಾರೆ. ಅದು ದೊಡ್ಡ ಉಪಕಾರ. ಆದರೂ ಕುಂಚ ಹಿಡಿದು ಬಡಿಯುವಾಗ ಬೆರಳಿಗೆ ತಿಳಿಯುವ ಒಂದು ಒತ್ತಕ್ಷರದ ಆಳ ತೆರೆಯ ಮೇಲೆ ತಿಳಿಯುವುದಿಲ್ಲ.

ಕಾಲ ನಿರ್ಣಯಕ್ಕೆ ಬರೋಣ. ಶಕ ವರ್ಷಕ್ಕೆ 78 ಸೇರಿಸಿದರೆ ಕ್ರಿಸ್ತಶಕ ಸಿಗುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. ಆತಕೂರಿನ ಶಾಸನ ಶಕ 872, ಸೌಮ್ಯ ಸಂವತ್ಸರ ಎನ್ನುತ್ತದೆ. 872ಕ್ಕೆ 78 ಸೇರಿಸಿದರೆ 950. ಆದರೆ ಸೌಮ್ಯ ಸಂವತ್ಸರ ಎಂದು ಬಂತು? ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. 1969ರ ಯುಗಾದಿಯಿಂದ 1970ರ ಯುಗಾದಿಯವರೆಗೆ ಇದ್ದದ್ದು ಸೌಮ್ಯ. ಅರವತ್ತು ವರ್ಷಕ್ಕೊಮ್ಮೆ ಹೆಸರು ಮರಳುತ್ತದೆ. ಹದಿನೇಳು ಸುತ್ತು, ಅಂದರೆ 1020 ವರ್ಷ ಹಿಂದಕ್ಕೆ ಹೋದರೆ 949–50. ಹಾಗಾದರೆ ಶಾಸನದ 872 ಮುಗಿದ ವರ್ಷದ ಲೆಕ್ಕವಲ್ಲ, ನಡೆಯುತ್ತಿದ್ದ ವರ್ಷದ ಲೆಕ್ಕ. 78 ಸೇರಿಸುವುದು ಮುಗಿದ ವರ್ಷಕ್ಕೆ, ನಡೆಯುತ್ತಿದ್ದ ವರ್ಷಕ್ಕಾದರೆ 77. ಒಂದು ವರ್ಷದ ವ್ಯತ್ಯಾಸ ಸಣ್ಣದೆನಿಸಬಹುದು. ಒಂದು ಯುದ್ಧದ ಮೊದಲೋ ಆಮೇಲೋ ಎಂದು ನಿರ್ಧರಿಸುವಾಗ ಆ ಒಂದು ವರ್ಷದ ಮೇಲೆಯೇ ಇಡೀ ವಾದ ನಿಂತಿರುತ್ತದೆ.

ಹೆಸರು ಒಂದೇ, ಊರು ಬೇರೆ. ಇದು ಹೊಸಬರು ಮುಗ್ಗರಿಸುವ ಇನ್ನೊಂದು ಜಾಗ. ಕಾಳಿ ಸತ್ತ ಬೆಳತೂರು ಕೇಳಲೆನಾಡಿನದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೂ ಒಂದು ಬೆಳತೂರಿದೆ. ಗಂಡನ ಸಾವಿನ ಸುದ್ದಿ ಕೇಳಿ ಚಿತೆಯೇರಿದ ದೇಕಬ್ಬೆಯ 1057ರ ಶಾಸನದಿಂದ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅದು ಚಿರಪರಿಚಿತ. ಎರಡನ್ನೂ ಒಂದೇ ಎಂದು ತಿಳಿದರೆ ನಾಡಿನ ನಕ್ಷೆಯೇ ತಿರುವುಮುರುವಾಗುತ್ತದೆ. ಊರಿನ ಹೆಸರಿನ ಜೊತೆಗೆ ನಾಡಿನ ಹೆಸರನ್ನು ಹಿಡಿಯದೆ ಯಾವ ಊರನ್ನೂ ಗುರುತಿಸಬಾರದು. ಹೆಸರು ತನ್ನ ಮೈಯಲ್ಲೇ ಇತಿಹಾಸ ಹೊತ್ತಿರುವುದೂ ಉಂಟು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರಗಳ ‘ಸಂದ್ರ’ ಮೂಲದಲ್ಲಿ ‘ಸಮುದ್ರ’. ಕಟ್ಟಿಸಿದ ದೊಡ್ಡ ಕೆರೆಗೆ ಕೊಟ್ಟ ಹೆಸರು. ಇಂದು ಅಲ್ಲಿ ಕೆರೆ ಕಾಣದೆ ಹೋದರೂ ಹೆಸರು ಅದರ ಗುರುತು ಹೇಳುತ್ತಿದೆ.

ಮೂಲಗಳು ಒಂದನ್ನೊಂದು ಒಪ್ಪದಿದ್ದಾಗ ಏನು ಮಾಡಬೇಕು? ಆತಕೂರಿನ ಕಲ್ಲಿನ ಪ್ರಕಾರ ಬೂತುಗನು ರಾಜಾದಿತ್ಯನನ್ನು ಆನೆಯ ಮೇಲೆಯೇ ಸುರಿಗೆಯಿಂದ ಇರಿದು ಕೊಂದನು. ಚೋಳರ ತಾಮ್ರಪಟ ಆನೆಯ ಮೇಲೆ ಕುಳಿತಿದ್ದ ರಾಜಾದಿತ್ಯನ ಎದೆಗೆ ಬಾಣ ನಾಟಿತು, ಅವನು ವೀರಸ್ವರ್ಗ ಸೇರಿದನು ಎನ್ನುತ್ತದೆ. ಎರಡರಲ್ಲಿ ಒಂದನ್ನು ಸುಳ್ಳೆಂದು ತಳ್ಳಿಹಾಕುವ ಆತುರ ಬೇಡ. ಉಂಬಳಿ ಪಡೆದವನ ಕಡೆಯ ಬರಹ ತನ್ನ ಒಡೆಯನ ಕೈಯನ್ನೇ ಮುಂದೆ ಮಾಡುವುದು ಸಹಜ. ಸೋತವರ ಮನೆತನ ಮಗನ ಸಾವಿಗೆ ಘನತೆ ಕೊಡುವುದೂ ಸಹಜ. ಎರಡೂ ಒಪ್ಪುವುದು ಒಂದನ್ನು: ಅವನು ಸತ್ತದ್ದು ಆನೆಯ ಮೇಲೆ. ವಿರೋಧಿಗಳಿಬ್ಬರೂ ಒಪ್ಪುವ ಆ ಪುಟ್ಟ ಸಂಗತಿಯೇ ಇತಿಹಾಸಕಾರನ ಕಾಲೂರುವ ನೆಲ.

ಕಾಗದಗಳು ಹಂಚಿಹೋದ ಕಥೆ

ಶಾಸನಗಳ ಕಾಲ ದಾಟಿ ಈಚೆಗೆ ಬಂದರೆ ಕಾಗದ, ಬಟ್ಟೆ, ಓಲೆ. ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಕಡತಗಳು ಮಠಗಳಲ್ಲಿ, ಹಳೆಯ ಶಾನುಭೋಗರ ಮನೆಗಳಲ್ಲಿ ಈಗಲೂ ಸಿಗುತ್ತವೆ. ಒದ್ದೆ ಬಟ್ಟೆ ಸೋಕಿದರೆ ಒಂದು ಶತಮಾನದ ಲೆಕ್ಕ ಅಳಿಸಿಹೋಗುತ್ತದೆ.

ಕೈಫಿಯತ್ತುಗಳ, ಅಂದರೆ ಊರಿನವರಿಂದ ಬರೆಸಿಕೊಂಡ ಸ್ಥಳವೃತ್ತಾಂತಗಳ, ಮಾತು ಬೇರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೆ ಕೈಗೊಂಡಾಗ, ಕಾವಲಿ ವೆಂಕಟ ಬೋರಯ್ಯ ಮತ್ತು ಅವರ ತಮ್ಮ ಲಕ್ಷ್ಮಯ್ಯ ಮೊದಲಾದ ಸಹಾಯಕರು ಊರೂರಿನಿಂದ ಸ್ಥಳವೃತ್ತಾಂತಗಳನ್ನು ಬರೆಸಿ ತಂದರು. ಊರು ಯಾರು ಕಟ್ಟಿದರು, ಯಾವ ಪಾಳೆಯಗಾರ ಆಳಿದ, ದೇವಸ್ಥಾನಕ್ಕೆ ಯಾವ ಮಾನ್ಯ ಎಂಬೆಲ್ಲ ವಿವರ ಅಲ್ಲಿದೆ. ಓದಲು ಸೊಗಸು, ನಂಬಲು ಕಷ್ಟ. ಆಳುವವರು ಬದಲಾದ ಹೊತ್ತು ಅದು. ಹೊಸ ಸರ್ಕಾರ ಇನಾಮು ಉಳಿಸುತ್ತದೋ ಕಿತ್ತುಕೊಳ್ಳುತ್ತದೋ ಎಂಬ ಆತಂಕದಲ್ಲಿ ಊರಿನ ಹಿರಿಯರು ಕೊಟ್ಟ ಹೇಳಿಕೆಗಳು ಅವು. ‘ನಮ್ಮ ಪೂರ್ವಿಕರಿಗೆ ರಾಯರ ಕಾಲದಿಂದ ಈ ಭೂಮಿ’ ಎಂಬ ವಾಕ್ಯವನ್ನು ಓದುವಾಗ ಆ ಆತಂಕವನ್ನೂ ಓದಬೇಕು.

ಇನ್ನು ಪತ್ರಾಗಾರಗಳು. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರವಿದೆ, ಎಲ್ಲ ಅಲ್ಲಿಯೇ ಸಿಗುತ್ತದೆ ಎಂದುಕೊಂಡು ಹೊರಡುವವರು ನಿರಾಶರಾಗುತ್ತಾರೆ. ಈಗಿನ ಕರ್ನಾಟಕ 1956ರ ನವೆಂಬರ್ 1ರಂದು ಒಂದಾದದ್ದು. ಅದಕ್ಕೆ ಮುಂಚೆ ಒಂದೊಂದು ಸೀಮೆ ಒಂದೊಂದು ಆಡಳಿತದ ಕೈಯಲ್ಲಿತ್ತು, ಕಾಗದಗಳೂ ಆಯಾ ರಾಜಧಾನಿಗೇ ಹೋದವು. ಧಾರವಾಡ, ಬೆಳಗಾವಿ, ವಿಜಯಪುರದ ಬಗ್ಗೆ ಬರೆಯುವವರು ಮುಂಬೈಗೂ ಪೇಶ್ವೆಗಳ ಕಾಲಕ್ಕಾದರೆ ಪುಣೆಗೂ ಹೋಗಬೇಕು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್, ಮಂಗಳೂರಿನವರಿಗೆ ಚೆನ್ನೈ. ಉತ್ತರ ಕನ್ನಡದ್ದು ಇನ್ನೂ ತೊಡಕು: 1862ರಲ್ಲಿ ಆ ಭಾಗವನ್ನು ಮದರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರಿಂದ ಕುಮಟೆಯ ಒಂದೇ ಊರಿನ ಕಥೆಗೆ ಎರಡು ನಗರ ಅಲೆಯಬೇಕು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕಾಸರಗೋಡು ಆ ವರ್ಷವೇ ಕೇರಳಕ್ಕೆ ಹೋಯಿತು. ವಿಷಯ ಆರಿಸಿಕೊಳ್ಳುವ ಮುಂಚೆಯೇ ಕಾಗದ ಎಲ್ಲಿದೆ, ಅಲ್ಲಿಗೆ ಹೋಗಿ ಉಳಿಯಲು ಕೈಯಲ್ಲಿ ಎಷ್ಟು ದಿನ, ಎಷ್ಟು ದುಡ್ಡು ಇದೆ ಎಂದು ಲೆಕ್ಕ ಹಾಕಿ. ಆ ಕಾಗದ ಯಾವ ಲಿಪಿಯಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ. ಉತ್ತರ ಕರ್ನಾಟಕದ ಎಷ್ಟೋ ದಾಖಲೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ, ಆದಿಲ್‌ಶಾಹಿ ಫರ್ಮಾನುಗಳು ಪಾರಸಿಯಲ್ಲಿವೆ. ನಾಲ್ಕು ಸೆಮಿಸ್ಟರಿನ ಓದಿನಲ್ಲಿ ಎಲ್ಲವನ್ನೂ ಕಲಿಯಲಾಗದು. ಒಂದನ್ನಾದರೂ ಗಟ್ಟಿಯಾಗಿ ಕಲಿಯಬಹುದು. ಹಳಗನ್ನಡ ಶಾಸನ ಓದಲು ಕಲಿಯಬೇಕೆನ್ನುವವರಿಗೆ ಕನ್ನಡ ಸಾಹಿತ್ಯ ಪರಿಷತ್ತು ನಡೆಸುತ್ತ ಬಂದಿರುವ ಶಾಸನಶಾಸ್ತ್ರ ಡಿಪ್ಲೊಮಾದಂಥ ತರಗತಿಗಳಿವೆ.

ಶಾಸನ ಕೆತ್ತಿಸಿದವರು ಕೊಡುವ ಕೈಯವರು: ಅರಸ, ಗಾವುಂಡ, ಸೆಟ್ಟಿ. ಊರಾಚೆಯ ಕೇರಿಯವರು ಕಲ್ಲಿನ ಮೇಲೆ ಹೆಚ್ಚಾಗಿ ಕಾಣುವುದಿಲ್ಲ. ಹಾಗೆಂದು ಅವರ ಇತಿಹಾಸವೇ ಇಲ್ಲ ಎಂದು ಬರೆಯುವುದು ಅನ್ಯಾಯ. ತೋಟಿ, ತಳವಾರ, ನೀರುಗಂಟಿ ಇವರಿಗೆ ಊರ ಚಾಕರಿಗಾಗಿ ಇನಾಮು ಜಮೀನಿತ್ತು. 1961ರ ಕಾಯ್ದೆ ಗ್ರಾಮ ಹುದ್ದೆಗಳನ್ನು ರದ್ದುಮಾಡಿದಾಗ ಆ ಜಮೀನುಗಳ ಹಕ್ಕಿನ ಪ್ರಶ್ನೆ ಕಚೇರಿಗಳ ಮೆಟ್ಟಿಲೇರಿತು. ಆ ಕಡತಗಳಲ್ಲಿ ಅಜ್ಜ, ಅಪ್ಪ, ಮಗನ ಹೆಸರುಗಳು, ಸರ್ವೆ ನಂಬರು, ಗುಂಟೆ ಲೆಕ್ಕ, ಹೆಬ್ಬೆಟ್ಟಿನ ಗುರುತು ಎಲ್ಲ ಇವೆ. ಕೆರೆಯ ತೂಬನ್ನು ತಲೆಮಾರುಗಳ ಕಾಲ ತೆಗೆದು ಮುಚ್ಚಿದ ನೀರುಗಂಟಿಯ ಮನೆತನದ ಚರಿತ್ರೆಯನ್ನು ಇವುಗಳಿಂದ ಬರೆಯಬಹುದು. ಕೆರೆ ಕಟ್ಟಿಸಿದವನ ಹೆಸರು ನಮಗೆ ಗೊತ್ತಿದೆ, ಅದನ್ನು ಕಾದವನ ಹೆಸರನ್ನೂ ಇನ್ನು ಮುಂದೆ ಬರೆಯಲಿ ಎಂಬುದು ನನ್ನ ಮನಸ್ಸಿನ ಆಸೆ.

ಬಾಯಿಮಾತಿಗೆ ಎಷ್ಟು ತೂಕ

1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ತಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ದಂಡು ಬಂತು, ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಸರ್ಕಾರಿ ಕಾಗದಗಳಲ್ಲಿ ಈ ಪ್ರಕರಣ ಇದೆ. ಇದರ ಮೇಲೆ ಹುಟ್ಟಿದ ಲಾವಣಿಯೂ ಇದೆ. ಅದನ್ನು ಕಲೆಹಾಕಿ ಅಚ್ಚುಹಾಕಿಸಿದವರು ಜೆ.ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ. ಸರ್ಕಾರಿ ವರದಿಯ ಗಮನ ಬಂಡಾಯಗಾರರ ಮೇಲೆ, ಶಿಕ್ಷೆಯ ಮೇಲೆ. ಲಾವಣಿಕಾರ ಲೂಟಿಯಾದ ಮನೆಗಳೊಳಗೆ ಹೋಗುತ್ತಾನೆ: ಕೊಡಲಿ, ಕುಡ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಮಂಗಳಸೂತ್ರ, ಬೀಸುಕಲ್ಲು ಎಂದು ಒಂದೊಂದನ್ನೂ ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಹತ್ತೊಂಬತ್ತನೆಯ ಶತಮಾನದ ಒಂದು ಬಡ ಊರಿನ ಅಡುಗೆಮನೆಯೇ ಕಾಣುತ್ತದೆ. ದಿನಾಂಕಕ್ಕೆ ವರದಿಯನ್ನು ನಂಬಿ, ಕಳೆದುಕೊಂಡದ್ದೇನೆಂದು ತಿಳಿಯಲು ಲಾವಣಿಗೆ ಕಿವಿಗೊಡಿ. ಹಾಡಿನಲ್ಲಿ ಉತ್ಪ್ರೇಕ್ಷೆ ಇದೆ ಎಂದು ದೂರ ಇಡುವವರು ಸರ್ಕಾರಿ ವರದಿಯ ಮೌನವೂ ಒಂದು ಬಗೆಯ ಸುಳ್ಳೆಂಬುದನ್ನು ಮರೆಯಬಾರದು.

ಬಾಯಿಮಾತನ್ನೆಲ್ಲ ಹಾಗೆಯೇ ಒಪ್ಪಬೇಕೆಂದಲ್ಲ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರು ಎಂಬ ಹೆಸರು ಬಂತು ಎಂದು ಇಂದಿಗೂ ಹೇಳುತ್ತಾರೆ. ಬೇಗೂರಿನ ಗಂಗರ ಕಾಲದ ವೀರಗಲ್ಲೊಂದರಲ್ಲಿ ಬೆಂಗಳೂರ ಕಾಳಗದ ಪ್ರಸ್ತಾಪವಿದೆ. ಅದು ಒಂಬತ್ತನೆಯ ಶತಮಾನದ ಕೊನೆಯ ಹೊತ್ತಿನದು. ಬಲ್ಲಾಳರು ಹುಟ್ಟುವ ಎಷ್ಟೋ ಮೊದಲೇ ಊರಿಗೆ ಆ ಹೆಸರಿತ್ತು. ಹೆಸರಿನ ಮೂಲವಾಗಿ ಕಥೆ ಬಿದ್ದುಹೋಯಿತು. ಜಕಣಾಚಾರಿಯದೂ ಹೀಗೆಯೇ. ಯಾವ ಹಳೆಯ ಗುಡಿಯನ್ನು ಕಂಡರೂ ‘ಜಕಣಾಚಾರಿ ಕಟ್ಟಿದ್ದು’ ಎನ್ನುತ್ತಾರೆ. ಕಲ್ಲುಗಳು ಬೇರೆ ಹೆಸರು ಹೇಳುತ್ತವೆ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ತಮ್ಮ ಕೈಕೆಲಸದ ಕೆಳಗೆ ತಾವೇ ಹೆಸರು ಕೆತ್ತಿಕೊಂಡ ಶಿಲ್ಪಿಗಳು ಇವರು. ಆದರೆ ಸ್ನಾತಕೋತ್ತರ ಓದು ‘ಕಥೆ ಸುಳ್ಳು’ ಎಂದು ಸಾಧಿಸಿ ನಿಲ್ಲುವುದಿಲ್ಲ. ಇಷ್ಟು ಹೆಸರುಗಳು ಕಲ್ಲಿನ ಮೇಲಿದ್ದೂ ಜನರ ನೆನಪು ಒಬ್ಬನೇ ಶಿಲ್ಪಿಯನ್ನು ಏಕೆ ಕಟ್ಟಿಕೊಂಡಿತು, ಅಪ್ಪ–ಮಗನ ಆ ಕಥೆ ಯಾವಾಗಿನಿಂದ ಬರಹದಲ್ಲಿ ಕಾಣುತ್ತದೆ, ಯಾವ ಸಮುದಾಯಗಳು ಅದನ್ನು ಕಾಪಾಡಿಕೊಂಡು ಬಂದವು ಎಂದು ಕೇಳಿದಾಗ ಕಥೆಯೇ ಒಂದು ದಾಖಲೆಯಾಗುತ್ತದೆ.

ತನ್ನ ಊರನ್ನೇ ಆರಿಸಿಕೊಂಡವರಿಗೆ ಇದೆಲ್ಲ ಇನ್ನಷ್ಟು ಕಷ್ಟ. ಭಾಷೆ ಗೊತ್ತು, ದಾರಿ ಗೊತ್ತು, ಯಾವ ಮನೆಯ ಅಟ್ಟದಲ್ಲಿ ಯಾವ ಪೆಟ್ಟಿಗೆ ಇದೆಯೆಂದು ಗೊತ್ತು. ಇದು ಲಾಭ. ಆದರೆ ಯಾವ ಪ್ರಶ್ನೆ ಕೇಳಿದರೆ ಯಾರ ಮುಖ ಬಾಡುತ್ತದೆ ಎಂಬುದೂ ಗೊತ್ತು. ನಮ್ಮ ಮನೆತನದ ಇನಾಮು ಹೇಗೆ ಬಂತು, ಗುಡಿಯೊಳಗೆ ಯಾರನ್ನು ಬಿಡುತ್ತಿರಲಿಲ್ಲ, ಕೆರೆಯ ಅಂಗಳ ಯಾರ ಹೊಲವಾಯಿತು ಎಂಬ ಪ್ರಶ್ನೆಗಳನ್ನು ಕೇಳದೆ ಬಿಟ್ಟ ಪ್ರಬಂಧ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅರ್ಧವೇ. ಊರನ್ನು ಪ್ರೀತಿಸುವವರೇ ಈ ಪ್ರಶ್ನೆಗಳನ್ನು ಕೇಳಬೇಕು. ಹೊರಗಿನಿಂದ ಬಂದವರು ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ.

ಕೆಲಸ ಶುರುಮಾಡಲು ಮಳೆಗಾಲ ಬೇಡ. ಶಿವರಾತ್ರಿಯ ಆಸುಪಾಸಿಗೆ ಹುಲ್ಲು ಒಣಗಿ, ಲಂಟಾನ ಎಲೆ ಉದುರಿ, ಕೆರೆಯ ನೀರು ಇಳಿದಿರುತ್ತದೆ. ಏರಿಯ ಒಳಮೈಯಲ್ಲಿ, ತೂಬಿನ ಕಂಬದ ಬುಡದಲ್ಲಿ ಮುಚ್ಚಿಹೋಗಿದ್ದ ಕಲ್ಲುಗಳು ಆಗ ಹೊರಗೆ ಕಾಣುತ್ತವೆ. ನಡುಮಧ್ಯಾಹ್ನ ಹೋದರೆ ಬೋಳು ಬಂಡೆಯಂತೆ ತೋರುವ ಕಲ್ಲನ್ನು ಬೆಳಿಗ್ಗೆ ಏಳು ಗಂಟೆಗೋ ಸಂಜೆ ಐದೂವರೆಗೋ ನೋಡಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಪ್ರತಿ ಅಕ್ಷರದ ಒಂದು ಅಂಚಿಗೆ ನೆರಳು ಕೂರುತ್ತದೆ. ಮೊದಲು ‘ಸ್ವಸ್ತಿ’ ಕಾಣುತ್ತದೆ, ಆಮೇಲೆ ‘ಶ್ರೀ’. ಜೊತೆಗೆ ಒಂದು ಚೊಂಬು ನೀರು, ಮೆತ್ತನೆಯ ಕುಂಚ, ಗೆರೆಯಿಲ್ಲದ ನೋಟುಬುಕ್ಕು ಇರಲಿ. ಅಳಿಸಬಹುದಾದ ಪೆನ್ಸಿಲ್ ಇರಲಿ.